ಯಾವ ತಿಪ್ಪೇಸ್ವಾಮಿ?



ಈ ಬಾರಿ ಹಳೆಯ ನೆನಪುಗಳ ಬುತ್ತಿಯನ್ನು ಬಿಚ್ಚುವ ಬದಲು ಸ್ವಲ್ಪ ಜಗಳವಾಡಬೇಕೆಂಬ ಮನಸ್ಸಾಗಿದೆ. ನಿವೃತ್ತಿಯಾದರೂ ಮೇಷ್ಟ್ರ ಸಿಟ್ಟು ಇಳಿದಿಲ್ಲವೆಂದು ನೀವು ನಗಬಹುದು. ನಗಿ, ಆದರೆ ಕೊನೆಯವರೆಗೂ ಓದಿ.

ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದು ಗಟ್ಟಿಯಾಗಿ ಕೂಗಿದರೆ ನಾಲ್ಕು ದಿಕ್ಕಿನಿಂದ ನಾಲ್ವರು ತಿರುಗಿ ನೋಡುತ್ತಾರೆ. ಮೊಳಕಾಲ್ಮೂರಿನಲ್ಲಿಯೂ ಅಷ್ಟೆ. 2013ರಲ್ಲಿ ಮೊಳಕಾಲ್ಮೂರು ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಹೋದವರೂ ಒಬ್ಬ ತಿಪ್ಪೇಸ್ವಾಮಿಯವರೇ. ಎಲ್ಲವೂ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಕೃಪೆ. ಆ ಮಹಾತ್ಮನ ಹೆಸರನ್ನು ಮನೆಯ ಒಂದು ಮಗುವಿಗಾದರೂ ಇಡದ ಕುಟುಂಬ ನಮ್ಮ ಸೀಮೆಯಲ್ಲಿ ಅಪರೂಪ. ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಯ್ಯ, ತಿಪ್ಪಣ್ಣ, ತಿಪ್ಪಮ್ಮ, ತಿಪ್ಪಕ್ಕ, ಹೀಗೆ ಒಂದೇ ಬೇರಿನಿಂದ ಎಷ್ಟು ಟಿಸಿಲುಗಳು! ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಸಾವಿನ ಕಣ್ಣು ಬೀಳದಿರಲೆಂದು ಅದಕ್ಕೆ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಹೆಸರಿಡುತ್ತಿದ್ದರು. ಒಂದು ಹೆಸರಿನ ಹಿಂದೆ ಭಕ್ತಿಯಿದೆ, ಇನ್ನೊಂದರ ಹಿಂದೆ ಒಬ್ಬ ತಾಯಿಯ ಭಯವಿದೆ. ಕಾಗದದ ಮೇಲೆ ಎರಡೂ ಒಂದೇ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ನಮ್ಮದು ಕನ್ನಡ, ತೆಲುಗು ಎರಡೂ ಒಂದೇ ಅಂಗಳದಲ್ಲಿ ಆಡಿಕೊಂಡು ಬೆಳೆದ ಸೀಮೆ. ಒಬ್ಬನೇ ಮನುಷ್ಯ ಶಾಲೆಯ ದಾಖಲೆಯಲ್ಲಿ ಓಬಳೇಶ, ಮನೆಯಲ್ಲಿ ಓಬುಲೇಸು, ಪಡಿತರ ಚೀಟಿಯಲ್ಲಿ ಓಬಯ್ಯ. ಹತ್ತು ಜನರಿಗೆ ಒಂದೇ ಹೆಸರು, ಒಬ್ಬನಿಗೆ ಮೂರು ಹೆಸರು. ಇಂತಹ ನಾಡಿನಲ್ಲಿ ಹೆಸರೊಂದನ್ನೇ ನೆಚ್ಚಿಕೊಂಡು ಮನುಷ್ಯನನ್ನು ಗುರುತಿಸಲು ಹೊರಟವನು ಜಾತ್ರೆಯಲ್ಲಿ ಕರಿ ಕಂಬಳಿ ಹೊದ್ದವನನ್ನು ಹುಡುಕಿದಂತೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು ಅಲ್ಲ, ಪೆಟ್ಟು ಕೊಟ್ಟು. ತೊಂಬತ್ತರ ದಶಕದಲ್ಲಿ ನನ್ನ ಒಂಬತ್ತನೆಯ ತರಗತಿಯೊಂದರಲ್ಲಿ ಐವರು ತಿಪ್ಪೇಸ್ವಾಮಿಗಳಿದ್ದರು. ಹಾಜರಿ ಪುಸ್ತಕದಲ್ಲಿ ಅವರನ್ನು ಇನಿಷಿಯಲ್‌ಗಳಿಂದ ಬೇರೆ ಮಾಡಿದ್ದೆವು; ಅದರಲ್ಲಿಯೂ ಇಬ್ಬರದು ಒಂದೇ ಇನಿಷಿಯಲ್. ಮೈದಾನದ ಬೇಲಿ ಮುರಿದವನು ತಿಪ್ಪೇಸ್ವಾಮಿ ಎಂದು ಯಾರೋ ಬಂದು ಹೇಳಿದರು. ನಾನು ಕರೆದೆ, ಒಬ್ಬ ಹುಡುಗ ಎದ್ದು ನಿಂತ, ಹೊಡೆದೆ. ಅವನು ತುಟಿ ಬಿಚ್ಚಲಿಲ್ಲ. ಸಂಜೆ ನಿಜ ತಿಳಿದ ಮೇಲೆ ಅವನನ್ನು ಕರೆದು, “ನಾನಲ್ಲ ಅಂತ ಯಾಕೆ ಹೇಳಲಿಲ್ಲವೋ?” ಎಂದು ಕೇಳಿದೆ. “ನೀವು ನನ್ನ ಹೆಸರು ಕರೆದ್ರಿ ಸಾರ್” ಎಂದ. ಆ ಹುಡುಗ ಈ ಬರಹವನ್ನು ಓದುತ್ತಿದ್ದರೆ, ಅಂದು ಕೇಳದ ಕ್ಷಮೆಯನ್ನು ಇಂದು ಕೇಳುತ್ತಿದ್ದೇನೆ.

ಇಷ್ಟು ಪೀಠಿಕೆಯಾಯಿತು. ಈಗ ಜಗಳಕ್ಕೆ ಬರುತ್ತೇನೆ.

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ. ಅವನ ತಂದೆ ತೀರಿಕೊಂಡು ಕೆಲವು ವರ್ಷಗಳಾಗಿವೆ. ಹನ್ನೆರಡು ವರ್ಷಗಳ ಹಿಂದೆ ನಮ್ಮ ಎರಡೂ ತಾಲ್ಲೂಕುಗಳ ಹಿರಿಯರ ಬದುಕಿನ ಕಥೆಗಳನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದ ಸಂಸ್ಥೆಯೊಂದು ಆ ಸಂದರ್ಶನಗಳನ್ನೆಲ್ಲ ಈಗ ಎಲ್ಲರೂ ಕೇಳುವಂತೆ ಇಟ್ಟಿದೆ. ಹುಡುಗ ತಂದೆಯ ಹೆಸರನ್ನು ಹುಡುಕಿದ. ಸಿಕ್ಕಿತು. ರಾತ್ರಿ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಲು ತೊಡಗಿದ. “ಸಾರ್, ಅದು ನಮ್ಮಪ್ಪನ ದನಿ ಅಲ್ಲ ಸಾರ್” ಎಂದ.

ನಾನೂ ಕೇಳಿದೆ. ಒಂದೇ ಹೆಸರಿನ ಕೆಳಗೆ ಮೂರು ಧ್ವನಿಮುದ್ರಿಕೆಗಳಿದ್ದವು, ಮೂರು ಬೇರೆ ಬೇರೆ ಕಂಠಗಳು. ಮೊದಲನೆಯವರು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹಮಾಲಿಯಾಗಿದ್ದವರು. ಶೇಂಗಾ ಮೂಟೆ ಹೊತ್ತು ಬೆನ್ನು ಬಾಗಿದ ಬಗೆಯನ್ನು, ಊರಿಗೆ ಊರೇ ಎಣ್ಣೆಯ ವಾಸನೆಯಿಂದ ತುಂಬಿರುತ್ತಿದ್ದ ದಿನಗಳನ್ನು ಹೇಳುತ್ತಾರೆ. ಎರಡನೆಯವರು ಮೊಳಕಾಲ್ಮೂರಿನ ನೇಕಾರರು. ರೇಷ್ಮೆ ಸೀರೆಯ ಅಂಚು, ಲಾಳಿ, ಹಾಸು, ಹೊಕ್ಕು, ಮಗ್ಗದ ಮುಂದೆ ಕುಳಿತು ಕಳೆದ ಆಯುಷ್ಯ. ಮೂರನೆಯವರೇ ನನ್ನ ವಿದ್ಯಾರ್ಥಿಯ ತಂದೆ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯಾಗಿ ಹುಲ್ಲು ನೀರು ಅರಸಿ ಕಾವಲುಗಳಲ್ಲಿ ಅಲೆದವರು. ಅವರ ಮಾತುಗಳಿಗೆ ಕೊಟ್ಟಿದ್ದ ಶೀರ್ಷಿಕೆಯಾದರೋ ನೇಕಾರಿಕೆಯನ್ನು ಕುರಿತದ್ದು! ಧ್ವನಿಮುದ್ರಿಕೆಯಲ್ಲಿ ಮಾತು ಶುರುವಾಗುವ ಮೊದಲು ಒಂದು ಕೆಮ್ಮು ಕೇಳಿಸುತ್ತದೆ. ತಾಯಿ ಗುರುತು ಹಿಡಿದದ್ದು ಆ ಕೆಮ್ಮಿನಿಂದ.

ಇಷ್ಟಾಗಿದ್ದರೆ ಕೈತಪ್ಪು ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಪುಟದ ಮೇಲ್ಭಾಗದಲ್ಲಿ ಒಂದು ಪರಿಚಯವಿತ್ತು. ಅದರ ಪ್ರಕಾರ ಈ ತಿಪ್ಪೇಸ್ವಾಮಿಯವರು ನೇಕಾರ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲಿ ದನ ಕಾಯ್ದು, ನಂತರ ಚಳ್ಳಕೆರೆಗೆ ವಲಸೆ ಬಂದು ಎಣ್ಣೆ ಮಿಲ್ಲಿನಲ್ಲಿ ದುಡಿದವರು. ಭೂಮಿಯ ಮೇಲೆ ಎಂದೂ ಬದುಕದ ಒಬ್ಬ ಮನುಷ್ಯ! ಮೂರು ಜೀವಗಳನ್ನು ಒಂದು ಒರಳಿಗೆ ಹಾಕಿ ರುಬ್ಬಿ ಒಬ್ಬನನ್ನು ತಯಾರಿಸಿದ್ದರು. ಮಗ ಸಂಸ್ಥೆಗೆ ಪತ್ರ ಬರೆದ. ಬಂದ ಉತ್ತರದ ಸಾರಾಂಶ ಇಷ್ಟು: ದಾಖಲೆಗಳನ್ನು ಪರಿಶೀಲಿಸಲಾಗಿದೆ, ಹೆಸರು ಸರಿಯಾಗಿಯೇ ಇದೆ.

ಹೌದು, ಹೆಸರು ಸರಿಯಾಗಿಯೇ ಇತ್ತು.

ಸಂಸ್ಥೆಯ ಹೆಸರನ್ನು ನಾನು ಹೇಳುವುದಿಲ್ಲ. ನನ್ನ ಜಗಳ ಒಂದು ಅಭ್ಯಾಸದೊಂದಿಗೆ. ಬಡವರ ಮಾತನ್ನು ಸಂಗ್ರಹಿಸುವವರು ಮಾತಿಗೆ ಕೊಡುವ ಗೌರವದ ಕಾಲುಭಾಗವನ್ನೂ ಮಾತಾಡಿದವನಿಗೆ ಕೊಡುವುದಿಲ್ಲ ಎಂಬುದು ನನ್ನ ಆರೋಪ. ‘ವಕ್ತೃ’, ‘ಮಾಹಿತಿದಾರ’ ಎಂಬ ಪದಗಳನ್ನು ಕೇಳಿದಾಗಲೇ ನನಗೆ ಮೈ ಉರಿಯುತ್ತದೆ. ‘ತಿಪ್ಪೇಸ್ವಾಮಿ, ಸುಮಾರು 70 ವರ್ಷ, ಚಳ್ಳಕೆರೆ ತಾಲ್ಲೂಕು’ ಎಂದು ಬರೆದರೆ ಅದು ಪರಿಚಯವೇ? ಅಷ್ಟು ವಿವರದಿಂದ ನಮ್ಮ ಅಂಚೆಯಣ್ಣ ಒಂದು ಕಾರ್ಡನ್ನೂ ತಲುಪಿಸಲಾರ.

ರಾಜರ ವಿಷಯದಲ್ಲಿ ಹೀಗಾಗುವುದಿಲ್ಲ ನೋಡಿ. ಮೈಸೂರಿನ ಒಡೆಯರಲ್ಲಿ ಎಷ್ಟು ಮಂದಿ ಕೃಷ್ಣರಾಜರಿದ್ದರೂ ಮುಮ್ಮಡಿಯವರು ಯಾರು, ನಾಲ್ವಡಿಯವರು ಯಾರು ಎಂಬುದನ್ನು ಏಳನೆಯ ತರಗತಿಯ ಹುಡುಗನೂ ಹೇಳಬಲ್ಲ; ಹೇಳದಿದ್ದರೆ ನಾವು ಅಂಕ ಕಳೆಯುತ್ತಿದ್ದೆವು. ನಮ್ಮ ಚಿತ್ರದುರ್ಗದ ಕಾಮಗೇತಿ ವಂಶದಲ್ಲಿ ಮದಕರಿನಾಯಕರು ಹಲವರು. ಅವರಲ್ಲಿ ಕೋಟೆಯನ್ನು ಹೈದರಾಲಿಗೆ ಕಳೆದುಕೊಂಡು 1779ರಲ್ಲಿ ಸೆರೆಯಾದವರು ಯಾರು ಎಂಬುದನ್ನು ಇತಿಹಾಸಕಾರರು ಗುದ್ದಾಡಿ ನಿರ್ಧರಿಸಿದ್ದಾರೆ. ಸಂತೋಷ. ಹಾಗಾದರೆ ಮುಮ್ಮಡಿ ತಿಪ್ಪೇಸ್ವಾಮಿ ಯಾರು, ನಾಲ್ವಡಿ ತಿಪ್ಪೇಸ್ವಾಮಿ ಯಾರು? ಆ ಗುದ್ದಾಟಕ್ಕೆ ಒಬ್ಬ ವಿದ್ವಾಂಸನೂ ಸಿಗಲಿಲ್ಲವೇ?

ದೊಡ್ಡವರ ಹೆಸರಿನಲ್ಲಿಯೂ ಎಡವಿದ್ದುಂಟು, ಅದಕ್ಕೆ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳೇ ಸಾಕ್ಷಿ. ಬ್ರಹ್ಮಗಿರಿಗೆ ನಿಮ್ಮಲ್ಲಿ ಅನೇಕರನ್ನು ನಾನೇ ಕರೆದುಕೊಂಡು ಹೋಗಿದ್ದೇನೆ, ಬುತ್ತಿ ತಿಂದ ಜಾಗವಷ್ಟೇ ನಿಮಗೆ ನೆನಪಿರಬಹುದು! ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅವುಗಳಲ್ಲಿ ಅಶೋಕನೆಂಬ ಹೆಸರಿಲ್ಲ, ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇದೆ. ಇದೇ ಬಿರುದು ಸಿಂಹಳದ ರಾಜ ತಿಸ್ಸನಿಗೂ ಇತ್ತು. ಅದಕ್ಕೂ ಬಹಳ ಹಿಂದೆ, 1837ರಲ್ಲಿ, ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮಹಾಮೇಧಾವಿ ಜೇಮ್ಸ್ ಪ್ರಿನ್ಸೆಪ್ ಉತ್ತರದ ಶಾಸನಗಳನ್ನು ಓದಿ, ಇವು ಆ ಸಿಂಹಳದ ರಾಜನವೇ ಎಂದು ಮೊದಲು ಭಾವಿಸಿದ್ದರು. ಜಾರ್ಜ್ ಟರ್ನರ್ ಪಾಲಿ ಗ್ರಂಥಗಳನ್ನು ತಿರುವಿ ಹಾಕಿ ತಿದ್ದಿದರು. 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಕಂಡಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಚಕ್ರವರ್ತಿಯ ಹೆಸರಿಗಾಗಿ ಇಷ್ಟು ವರ್ಷ, ಇಷ್ಟು ಜನ, ಇಷ್ಟು ಶ್ರಮ! ಆ ಬ್ರಹ್ಮಗಿರಿಯ ಬಂಡೆಯ ಮೇಲೆ ಇನ್ನೊಂದು ಹೆಸರೂ ಇದೆ: ಚಪಡ. ಅಕ್ಷರ ಬರೆದ ಲಿಪಿಕಾರ. ಅವನು ಹೆಸರನ್ನು ಕೆತ್ತಿ ಸುಮ್ಮನಾಗಲಿಲ್ಲ, ತನ್ನ ಕಸುಬನ್ನೂ ಸೇರಿಸಿದ. ಅದೂ ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಸಂಬಳಗಾರನಿಗೆ ಇದ್ದ ವಿವೇಕ ಇಂದಿನ ಧ್ವನಿಸಂಗ್ರಹಕಾರರಿಗೆ ಏಕಿಲ್ಲ?

“ಸಾರ್, ಜನಪದವೆಂದರೆ ಸಮೂಹದ ಸೃಷ್ಟಿ, ಅಲ್ಲಿ ವ್ಯಕ್ತಿ ಮುಖ್ಯನಲ್ಲ” ಎಂದು ಸಂಶೋಧಕ ಮಿತ್ರರೊಬ್ಬರು ನನಗೆ ಪಾಠ ಹೇಳಿದರು. ಹಾಡಿನ ಮಟ್ಟಿಗೆ ಅದನ್ನು ಅರ್ಧ ಒಪ್ಪಿಯೇನು. ಅಲ್ಲಿಯೂ ಪೂರ್ತಿ ಒಪ್ಪಲಾರೆ. ನಮ್ಮ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೋಡಿ. ಕಾಡುಗೊಲ್ಲರ ಹಟ್ಟಿಗಳಲ್ಲಿ ಸಿರಿಯಮ್ಮ, ಸಿರಿಯಣ್ಣ ಎಂಬ ಹೆಸರುಗಳಿಗೆ ಬರವಿಲ್ಲ. ಆದರೂ ಇಂದು ಸಿರಿಯಜ್ಜಿ ಎಂದೊಡನೆ ಅಕ್ಷರ ಕಲಿಯದೆ ಲೆಕ್ಕವಿಲ್ಲದಷ್ಟು ಪದಗಳನ್ನು ಎದೆಯಲ್ಲಿಟ್ಟುಕೊಂಡಿದ್ದ ಆ ಒಬ್ಬಳೇ ತಾಯಿ ನಮ್ಮ ಕಣ್ಣ ಮುಂದೆ ಬರುತ್ತಾಳೆ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಸಂಗ್ರಹಿಸಿ ‘ಸಾವಿರದ ಸಿರಿ ಬೆಳಗು’ ಎಂದು ಪ್ರಕಟಿಸಿದಾಗ ಹಾಡಿನ ಹಿಂದೆ ಒಂದು ಹಟ್ಟಿ, ಒಂದು ಮುಖ, ಒಂದು ಬದುಕು ಇದೆಯೆಂಬುದನ್ನು ಮರೆಯಲಿಲ್ಲ. ಹಾಡಿಗೇ ಇಷ್ಟು ಮರ್ಯಾದೆ ಸಲ್ಲಬೇಕಾದರೆ, ‘ನಾನು ಹೀಗೆ ಬಾಳಿದೆ’ ಎಂದು ಒಬ್ಬ ಮನುಷ್ಯ ತನ್ನ ಬಾಯಾರೆ ಹೇಳಿದ ಕಥೆಗೆ ಎಷ್ಟು ಸಲ್ಲಬೇಕು? ಬದುಕು ಸಮೂಹದ ಸೃಷ್ಟಿಯಲ್ಲ. ಬೆನ್ನು ಬಾಗಿದ್ದು ಒಬ್ಬನದು.

ಇದಕ್ಕೆ ಪರಿಹಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೆ: ಹನ್ನೆರಡನೆಯ ಶತಮಾನದ ಶರಣರಲ್ಲಿ ಮಾರಯ್ಯಗಳು ಎಷ್ಟು ಮಂದಿ! ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದವರು ಆಯ್ದಕ್ಕಿ ಮಾರಯ್ಯ. ಸೌದೆಯ ಹೊರೆ ಹೊತ್ತು ಮಾರಿದವರು ಮೋಳಿಗೆ ಮಾರಯ್ಯ. ನಗೆಯ ಮಾರಿತಂದೆ ಬೇರೆ, ಅರಿವಿನ ಮಾರಿತಂದೆ ಬೇರೆ. ಹೆಸರಿನ ಮುಂದೆ ಕಾಯಕ ನಿಂತಿತು, ವಚನದ ಕೊನೆಗೆ ಅಂಕಿತ ನಿಂತಿತು. ಅಮರೇಶ್ವರಲಿಂಗ ಎಂದರೆ ಆಯ್ದಕ್ಕಿಯವರು, ನಿಃಕಳಂಕ ಮಲ್ಲಿಕಾರ್ಜುನ ಎಂದರೆ ಮೋಳಿಗೆಯವರು. ಕಂಪ್ಯೂಟರು ಇರಲಿ, ಕಾಗದವೂ ಇಲ್ಲದ ಕಾಲದಲ್ಲಿ ಸೌದೆ ಮಾರುವವನ ಮಾತು ಅಕ್ಕಿ ಆಯುವವನ ಮಾತಿನೊಡನೆ ಬೆರೆಯದಂತೆ ನೋಡಿಕೊಂಡರು. ನಮ್ಮ ಹಳ್ಳಿಗಳು ಈಗಲೂ ಅದನ್ನೇ ಮಾಡುತ್ತಿವೆ. ಮಿಲ್ಲಿನ ತಿಪ್ಪೇಸ್ವಾಮಿ, ಮಗ್ಗದ ತಿಪ್ಪೇಸ್ವಾಮಿ, ಮೇಗಳಮನೆ ತಿಪ್ಪೇಸ್ವಾಮಿ, ಕುಂಟ ತಿಪ್ಪೇಸ್ವಾಮಿ. (ಕೊನೆಯದು ಒರಟು ಎಂದು ಮುಖ ಸಿಂಡರಿಸಬೇಡಿ, ಊರು ಯಾರ ಮುಲಾಜಿಗೂ ಒಳಗಾಗುವುದಿಲ್ಲ.) ಕೇಳಿದ್ದರೆ ಹಟ್ಟಿಯ ಹತ್ತು ವರ್ಷದ ಮಗುವೂ ಹೇಳುತ್ತಿತ್ತು. ಯಾರೂ ಕೇಳಲಿಲ್ಲ.

ಹೊರದೇಶದ ಉದಾಹರಣೆಯೇ ಬೇಕೆನ್ನುವವರಿಗೆ ಒಂದು ಕೊಡುತ್ತೇನೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆ ಸಿಕ್ಕ ಭಾರತೀಯ ಸಿಪಾಯಿಗಳ ದನಿಗಳನ್ನು 1915ರಿಂದ 1918ರ ನಡುವೆ ವಿಲ್ಹೆಲ್ಮ್ ಡೋಗೆನ್ ಎಂಬಾತನ ತಂಡ ಮುದ್ರಿಸಿಕೊಂಡಿತು. ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಆ ತಟ್ಟೆಗಳು ಇಂದಿಗೂ ಇವೆ. ಉದ್ದೇಶ ಉದಾತ್ತವೇನೂ ಆಗಿರಲಿಲ್ಲ. ಕೈದಿಗಳನ್ನು ಭಾಷೆಯ ನಮೂನೆಗಳೆಂದು ಕಂಡರು. ಆದರೂ ಪ್ರತಿಯೊಂದು ದನಿಗೂ ಒಂದು ಹಾಳೆ ತುಂಬಿದರು: ಹುಟ್ಟಿದ ಊರು, ಬೆಳೆದ ಊರು, ತಂದೆ ತಾಯಿ ಎಲ್ಲಿಯವರು, ಓದು ಬರಹ ಬರುವುದೇ, ಕಸುಬು ಏನು. ಹೆಸರಿನ ಕೊನೆಯಲ್ಲಿ ಸಿಂಗ್ ಇಲ್ಲದ ಮನೆಯೇ ಅಪರೂಪವಾದ ಪಂಜಾಬಿನ ಮಾಲ್ ಸಿಂಗ್ ಎಂಬ ಸಿಪಾಯಿ 1916ರಲ್ಲಿ ಆಡಿದ ಮನೆಗಾಗಿನ ಹಂಬಲದ ಮಾತುಗಳನ್ನು ಇಂದು ಕೇಳುವವರಿಗೆ ಅವನು ಯಾವ ಊರಿನವನೆಂದು ತಿಳಿಯುತ್ತದೆ. ಶತ್ರುಗಳು ಕೈದಿಗೆ ತೋರಿದಷ್ಟು ಕಾಳಜಿಯನ್ನು ನಮ್ಮವರು ನಮ್ಮ ಹಿರಿಯರಿಗೆ ತೋರಲಾಗದೆ?

ಇನ್ನು ಕೆಲವರು, ಪ್ರತಿ ಸಂದರ್ಶನಕ್ಕೂ ಒಂದು ಸಂಖ್ಯೆ ಕೊಟ್ಟರೆ ಸಾಕಲ್ಲ ಎನ್ನುತ್ತಾರೆ. ಕೊಡಿ, ಬೇಡವೆಂದವರಾರು? ಸಂಖ್ಯೆ ಪೆಟ್ಟಿಗೆಯನ್ನು ಹುಡುಕಲು ಬೇಕು. ಪೆಟ್ಟಿಗೆಯೊಳಗೆ ಯಾರಿದ್ದಾರೆಂಬುದನ್ನು ಅದು ಹೇಳದು.

ಗೋಪ್ಯತೆಯ ಮಾತು ಮಾತ್ರ ಗಂಭೀರವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಬೆಡಗು, ಮನೆತನಗಳನ್ನು ಬರೆದರೆ ಜಾತಿ ತಿಳಿಯುತ್ತದೆ, ಅದರಿಂದ ಯಾರಿಗಾದರೂ ತೊಂದರೆಯಾಗಬಹುದು. ಹೇಳಿದವರಿಗೆ ಇಷ್ಟವಿಲ್ಲದಿದ್ದರೆ ಬರೆಯಲೇಬಾರದು. ಹೆಸರನ್ನೇ ಮರೆಮಾಡಿ ಎಂದರೆ ಮರೆಮಾಡಬೇಕು. ಆದರೆ ಹೆಸರನ್ನು ಬಯಲಿಗಿಟ್ಟು ಮನುಷ್ಯನನ್ನು ಮರೆಮಾಡುವುದು ಯಾವ ಗೋಪ್ಯತೆ?

ಇದು ಒಬ್ಬ ಮಗನ ಮನಸ್ಸಿನ ನೋವಿಗಷ್ಟೇ ಸಂಬಂಧಿಸಿದ್ದೂ ಅಲ್ಲ. ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲಿನ ಕಥೆ ನಿಮಗೆ ಗೊತ್ತು. 2007ರಿಂದೀಚೆಗಿನ ಕೆಲವೇ ವರ್ಷಗಳಲ್ಲಿ 8,000ಕ್ಕೂ ಹೆಚ್ಚು ಎಕರೆ ರಕ್ಷಣಾ, ಅಣುವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೇ 1,500 ಎಕರೆ. ಪ್ರಕರಣ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದಿತ್ತು. ವಿಜ್ಞಾನ ಬೇಕೋ ಹುಲ್ಲು ಬೇಕೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ, ನನ್ನ ಅಳಿಯಂದಿರೊಬ್ಬರೊಡನೆ ಅದು ಊಟದೆಲೆಯ ಮುಂದೆ ಇನ್ನೂ ನಡೆಯುತ್ತಿದೆ. ಆದರೆ ಆ ಕಾವಲಿನಲ್ಲಿ ಯಾರ ದನ ಮೇಯುತ್ತಿದ್ದವು, ಯಾವ ತಗ್ಗಿನಲ್ಲಿ ಬೇಸಿಗೆಯವರೆಗೆ ನೀರು ನಿಲ್ಲುತ್ತಿತ್ತು, ಯಾವ ಮಳೆಗೆ ಯಾವ ಹುಲ್ಲು ಏಳುತ್ತಿತ್ತು ಎಂಬುದನ್ನು ಆ ಕಿಲಾರಿ ಮುಕ್ಕಾಲು ಗಂಟೆ ಹೇಳಿದ್ದಾರೆ. ನಾಳೆ ಯಾರಾದರೂ ಅದನ್ನು ಉಲ್ಲೇಖಿಸಿದರೆ ಎದುರಿನವನು ಪರಿಚಯವನ್ನು ಓದಿ, “ಇವನು ನೇಕಾರ, ಮಿಲ್ಲಿನ ಹಮಾಲಿ, ಕಾವಲಿನ ವಿಷಯ ಇವನಿಗೇನು ಗೊತ್ತು?” ಎನ್ನುತ್ತಾನೆ. ಸಾಕ್ಷಿ ಅಲ್ಲಿಗೆ ಸತ್ತಿತು. ಸಾಕ್ಷಿಯನ್ನು ಸುಳ್ಳೆನ್ನಲು ಲಂಚ ಬೇಡ, ಬೆದರಿಕೆ ಬೇಡ, ಹೆಸರಿನ ಮುಂದೆ ಮೂರು ಪದ ಬರೆಯುವ ಸೋಮಾರಿತನವೇ ಸಾಕು.

ನಿಮ್ಮಲ್ಲಿ ಹಲವರು ಈಗ ಊರಿಗೆ ಬಂದಾಗ ಅಜ್ಜ ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದಿಡುತ್ತಿದ್ದೀರಿ, ನನಗೆ ಕಳಿಸುತ್ತಲೂ ಇದ್ದೀರಿ. ಒಂದು ಕೆಲಸ ಮಾಡಿ. ಮೊದಲು ಅವರ ಬಾಯಿಂದಲೇ ಅವರು ಯಾರೆಂದು ಹೇಳಿಸಿ. “ನಿಮ್ಮನ್ನು ಊರಲ್ಲಿ ಏನಂತ ಕರೀತಾರೆ?” ಎಂದು ಕೇಳಿ. ಯಾವ ಹಟ್ಟಿ, ಯಾರ ಮಗ, ತಾಯಿಯ ಹೆಸರೇನು, ಏನು ಮಾಡಿಕೊಂಡಿದ್ದಿರಿ? ವಯಸ್ಸು ಕೇಳಿದರೆ ‘ಅರವತ್ತೋ ಎಪ್ಪತ್ತೋ’ ಎನ್ನುತ್ತಾರೆ, ಯಾವ ಬರದ ಹೊತ್ತಿಗೆ ಎಷ್ಟೆತ್ತರ ಇದ್ದಿರಿ ಎಂದು ಕೇಳಿ. ಪಕ್ಕದಲ್ಲಿ ಕುಳಿತವರು ನಡುವೆ ಬಾಯಿ ಹಾಕುತ್ತಾರೆ, ಅವರ ಗುರುತನ್ನೂ ಬರೆದುಕೊಳ್ಳಿ. ದಿನಾಂಕ ಮರೆಯಬೇಡಿ; ನೀವು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೇ ಅದನ್ನು ಮರೆಯುತ್ತಿದ್ದವರು.

ಕಳೆದ ತಿಂಗಳು ನಾನು ಆ ವಿದ್ಯಾರ್ಥಿಯ ಹಟ್ಟಿಗೆ ಹೋಗಿದ್ದೆ. ಸಂಸ್ಥೆಗೆ ಇನ್ನೊಂದು ಪತ್ರ ಬರೆಯೋಣ, ನಿಮ್ಮ ಯಜಮಾನರ ಗುರುತನ್ನು ನೀವೇ ಹೇಳಿ ತಾಯಿ ಎಂದೆ. ಆಕೆ ಆ ಕಾಲದವರು, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಹಟ್ಟಿಯ ಹೆಸರು ಹೇಳಿದರು. ಅತ್ತೆಯ ಹೆಸರು, ಮಾವನ ಹೆಸರು, ಅವರು ಯಾವ ಗುಡಿಯ ಎತ್ತುಗಳನ್ನು ಎಷ್ಟು ವರ್ಷ ಕಾಯ್ದರು, ಯಾವ ಕಾವಲಿನಲ್ಲಿ ಹಾವು ಕಡಿದು ಬದುಕಿದರು, ಮುಂದಿನ ಎತ್ತಿನ ಹೆಸರೇನು, ಎಲ್ಲವನ್ನೂ ಹೇಳಿದರು. ಮಗ ಬರೆದುಕೊಂಡ. ಒಂದೂವರೆ ಪುಟವಾಯಿತು. ಓದಿ ಹೇಳಿದೆವು. “ಇವರೇ” ಎಂದರು. ಹೆಸರನ್ನು ಮೇಲ್ಗಡೆ ಮಗ ಆಮೇಲೆ ಸೇರಿಸಿದ. ಪತ್ರವನ್ನು ಚಳ್ಳಕೆರೆಯ ಅಂಚೆ ಕಚೇರಿಯಿಂದ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.